ಮೀನಿನ ಅಕ್ಕ ಹೆಣೆದ ಚಕ್ರ

ಸೀಮೆಎಣ್ಣೆಯ ವಾಸನೆ ಈಗ ಮನೆಗಳಲ್ಲಿ ಇಲ್ಲವೇ ಇಲ್ಲ. ಹೇಗೋ ಒಂದು ಬಾಟಲಿ ಸಂಪಾದಿಸಿಕೊಂಡು, ಕಳೆದ ವಾರ ನನ್ನ ಸೈಕಲ್ಲಿನ ಹಿಂದಿನ ಚಕ್ರವನ್ನು ಅಂಗಳದಲ್ಲಿ ಮಲಗಿಸಿ ಕುಳಿತಿದ್ದೆ. ಕಾಪುವಿನ ಕಡಲ ಗಾಳಿ ಯಾವ ಕಬ್ಬಿಣವನ್ನೂ ಬಿಡುವುದಿಲ್ಲ. ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ಪುಟ್ಟ ತಿರುಪುಗಳಿರುತ್ತವಲ್ಲ, ಅಂಗಡಿಯವರು ನಿಪ್ಪಲ್ ಎನ್ನುತ್ತಾರೆ, ಅವೆಲ್ಲ ತುಕ್ಕು ಹಿಡಿದು ಕಡ್ಡಿಯ ಜೊತೆ ಒಂದಾಗಿಬಿಟ್ಟಿದ್ದವು. ಮಣಿಪಾಲದ ಒಂದು ದೊಡ್ಡ ಅಂಗಡಿಗೆ ಒಯ್ದರೆ ಅಲ್ಲಿಯವನು ಅದನ್ನು ಮುಟ್ಟಲೂ ಇಲ್ಲ. ಇದನ್ನೆಲ್ಲ ಈಗ ಯಾರೂ ಬಿಚ್ಚುವುದಿಲ್ಲ, ಬಿಸಾಡಿ ಹೊಸ ಚಕ್ರ ಹಾಕಿಸಿ ಎಂದ. ಬಿಸಾಡಿ ಎನ್ನಲು ಇವರಿಗೆ ಎಷ್ಟು ಸಲೀಸಾಗಿ ಬಾಯಿ ಬರುತ್ತದೆ! ಸಿಟ್ಟಿನಲ್ಲೇ ವಾಪಸು ತಂದು ನಿಪ್ಪಲ್ಲುಗಳಿಗೆ ಸೀಮೆಎಣ್ಣೆ ಬಿಟ್ಟೆ. ಆ ವಾಸನೆ ತುಕ್ಕಿನೊಡನೆ ಬೆರೆತು ಮೂಗಿಗೆ ಬಡಿದದ್ದೇ ತಡ, ನೆರೆಮನೆಯ ಮೀನಿನ ಅಕ್ಕ ನೆನಪಾದಳು...

ನಾವು ಮಾತ್ರವಲ್ಲ, ಊರಿಗೆ ಊರೇ ಅವಳನ್ನು ಮೀನಿನ ಅಕ್ಕ ಎಂದೇ ಕರೆಯುತ್ತಿತ್ತು. ಬೆಳಿಗ್ಗೆ ಕಡಲ ಬದಿಯಲ್ಲಿ ದೋಣಿಯವರಿಂದ ಬಂಗುಡೆಯೋ ಬೂತಾಯಿಯೋ ಕೊಂಡು, ಬುಟ್ಟಿಗೆ ಐಸು ಹಾಕಿ, ಬಸ್ಸಿನಲ್ಲಿ ಶಿರ್ವದ ಕಡೆಗೆ ಹೋಗಿ ಮನೆಮನೆಗೆ ಮಾರುವುದು ಅವಳ ಕೆಲಸ. ಗಂಡ ತೀರಿಹೋಗಿದ್ದ. ಹೆಣ್ಣುಮಕ್ಕಳ ಊಟ, ಶಾಲೆ ಎಲ್ಲ ಆ ಬುಟ್ಟಿಯಿಂದಲೇ ನಡೆಯಬೇಕು. ಜನ ಮಧ್ಯಾಹ್ನದ ಸಾರಿಗೆ ಒಲೆ ಹಚ್ಚುವ ಮೊದಲು ಮೀನು ಅವರ ಮನೆ ಸೇರದಿದ್ದರೆ, ಅದು ತೆಂಗಿನ ಬುಡಕ್ಕೆ ಗೊಬ್ಬರ.

ಬಸ್ಸಿನವರಿಗೆ ಅವಳನ್ನು ಕಂಡರಾಗದು. ವಾಸನೆ ಬರುತ್ತದೆ, ನೀರು ಸೋರುತ್ತದೆ, ಪ್ಯಾಸೆಂಜರು ಬೈಯುತ್ತಾರೆ ಎಂದು ದಿನಕ್ಕೊಂದು ನೆವ. ಕೆಲವರು ಅವಳನ್ನು ಕಂಡ ಕೂಡಲೇ ನಿಲ್ಲಿಸದೆ ಓಡಿಸುತ್ತಿದ್ದರು. ನಾನು ಆಗ ಶಿರ್ವದಲ್ಲಿ ಹೊಲಿಗೆ ಕಲಿಯುತ್ತಿದ್ದೆನಾದ್ದರಿಂದ ಅದೇ ಬಸ್ಸಿನಲ್ಲಿರುತ್ತಿದ್ದೆ. ಒಂದು ದಿನ ಮಜೂರಿನ ಹತ್ತಿರ ಕಂಡಕ್ಟರು ಬಸ್ಸು ನಿಲ್ಲಿಸಿ, ಟಿಕೆಟು ತೆಗೆದುಕೊಂಡಿದ್ದ ಅವಳನ್ನು ಬುಟ್ಟಿಯೊಂದಿಗೆ ಕೆಳಗಿಳಿಸಿದ. ಬುಟ್ಟಿ ಇಳಿಸಲು ಕೈ ಕೊಟ್ಟನೇ? ಕಾಲಿನಿಂದ ನೂಕಿದ. ನಾನು ಜೋರು ಮಾಡಿದೆ. ಅಷ್ಟು ಕರುಣೆಯಿದ್ದರೆ ನೀವೂ ಇಳಿಯಿರಿ ಎಂದ. ನಾನೂ ಇಳಿದೆ. ಒಳಗೆ ಕುಳಿತವರಲ್ಲಿ ಹಿಂದಿನ ದಿನವಷ್ಟೇ ಅವಳಿಂದ ಮೀನು ಕೊಂಡವರೂ ಇದ್ದರು. ಅವರೆಲ್ಲ ಕಿಟಕಿಯಿಂದ ಹೊರಗೆ ಗದ್ದೆ ನೋಡುತ್ತಿದ್ದರು. ಅವಳು ತಂದ ಬಂಗುಡೆ ಎಲ್ಲರಿಗೂ ಬೇಕು, ಅವಳು ಮಾತ್ರ ಬಸ್ಸಿನಲ್ಲಿ ಬೇಡ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಅಕ್ಕ ಅಳುವವಳಲ್ಲ. ವರ್ಗವಾಗಿ ಹೋಗುತ್ತಿದ್ದ ಟೀಚರೊಬ್ಬರಿಂದ ಹಳೆಯ ಲೇಡೀಸ್ ಸೈಕಲ್ಲು ತೆಗೆದುಕೊಂಡು, ಸೀರೆ ಎತ್ತಿಕಟ್ಟಿ, ಕಡಲ ಬದಿಯ ಗಟ್ಟಿ ಮರಳಿನ ಮೇಲೆ ಬಿದ್ದೂ ಎದ್ದೂ ಕಲಿತಳು. ಆಮೇಲೆ ಹಿಂದಿನ ಕ್ಯಾರಿಯರಿಗೆ ಬುಟ್ಟಿ ಕಟ್ಟಿ ಶಿರ್ವದ ಏರನ್ನು ತುಳಿದಳು, ತುಳಿಯಲಾಗದಲ್ಲಿ ನೂಕಿದಳು. ನಕ್ಕವರೆಷ್ಟು ಮಂದಿ! ಅವಳು ಯಾರನ್ನೂ ತಿರುಗಿ ನೋಡಲಿಲ್ಲ.

ಆದರೆ ಐಸಿನ ಉಪ್ಪುನೀರು ಬುಟ್ಟಿಯಿಂದ ದಿನವೂ ಹಿಂದಿನ ಚಕ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ನಿಪ್ಪಲ್ಲುಗಳು ತುಕ್ಕು ಹಿಡಿದು, ಕಡ್ಡಿಗಳು ಒಂದೊಂದಾಗಿ ಮುರಿದು, ಚಕ್ರ ವಾಲಾಡತೊಡಗಿತು. ಪೇಟೆಯ ಸೈಕಲ್ ಅಂಗಡಿಯವನು ಮೂಗು ಮುಚ್ಚಿಕೊಂಡು, ಈ ನಾತದ ಚಕ್ರವನ್ನು ತಾನು ಮುಟ್ಟುವುದಿಲ್ಲ, ಹೆಂಗಸರಿಗೆ ಬಸ್ಸು ಉಂಟಲ್ಲ ಎಂದ. ಜೊತೆಗೆ ನಾನಿದ್ದೆ. ಅಕ್ಕ ಸ್ವರ ಏರಿಸಲಿಲ್ಲ.

"ಬಸ್ಸಿನವರು ಹತ್ತಿಸುವುದಾದ್ರೆ ನಿಮ್ಮ ಅಂಗಡಿಗೆ ನಾನು ಎಂತಕ್ಕೆ ಬರ್ತೇನೆ ಮಾರಾಯ್ರೆ? ಕಡ್ಡಿ, ನಿಪ್ಪಲ್ ಕೊಡಿ. ಉಳಿದದ್ದು ನನಗಿರಲಿ."

ಮಾರಲು ಅವನಿಗೆ ನಾತ ಅಡ್ಡ ಬರಲಿಲ್ಲ, ನೋಡಿ.

ಅವಳ ಅಂಗಳದಲ್ಲಿ ನಾವಿಬ್ಬರೂ ಆ ಚಕ್ರದೊಂದಿಗೆ ಗುದ್ದಾಡಿದೆವು. ಸೀಮೆಎಣ್ಣೆ ಬಿಟ್ಟು ಕಾದರೂ ನಿಪ್ಪಲ್ ಕದಲಲಿಲ್ಲ. ಸ್ಪ್ಯಾನರು ಹಾಕಿ ತಿರುಗಿಸಿದರೆ ಅದರ ಮೂಲೆಗಳೇ ಸವೆದು ಗುಂಡಗಾದವು. ಕೊನೆಗೆ ಹಳೆಯ ಕಡ್ಡಿಗಳನ್ನೆಲ್ಲ ಕತ್ತರಿಸಿ ತೆಗೆದಳು. ಬರಿಯ ರಿಮ್ಮು, ನಡುವಿನ ಹಬ್ ಬೇರೆ ಬೇರೆಯಾಗಿ ಬಿದ್ದದ್ದನ್ನು ಕಂಡು, ಇನ್ನು ಇದು ಚಕ್ರವಾಗುವುದುಂಟೇ ಎಂದೆ. ಅವಳಿಗೇನೂ ಅನಿಸಲಿಲ್ಲ. ಸಣ್ಣಂದಿನಿಂದ ಬಲೆ ಹೆಣೆದ ಕೈ. ಮುಂದಿನ ಚಕ್ರವನ್ನು ಎದುರಿಗಿಟ್ಟುಕೊಂಡು, ಒಂದು ಕಡ್ಡಿ ಇನ್ನೊಂದರ ಮೇಲೆ ಎಲ್ಲಿ ಹಾಯುತ್ತದೆ, ಎಲ್ಲಿ ಅಡಿಯಿಂದ ನುಸುಳುತ್ತದೆ ಎಂದು ಬಲೆಯ ಕಣ್ಣು ನೋಡಿದ ಹಾಗೆ ನೋಡಿ ಹೆಣೆದಳು. ನಿಪ್ಪಲ್ ಹಾಕುವ ಮೊದಲು ಪ್ರತಿ ಕಡ್ಡಿಯ ತುದಿಗೂ ದೋಣಿಗೆ ಹಚ್ಚುವ ಮೀನೆಣ್ಣೆ ಸವರಿದಳು.

ಮೋಸ ಮಾಡಿದ್ದೂ ಆ ಬಲೆಯ ಅಭ್ಯಾಸವೇ. ಬಲೆಯ ಗಂಟನ್ನು ಹಾಕಿದಲ್ಲೇ ಪೂರಾ ಬಿಗಿಯಬೇಕು, ಸಡಿಲ ಬಿಟ್ಟರೆ ಜಾರುತ್ತದೆ. ಅಕ್ಕ ಕಡ್ಡಿಗಳನ್ನೂ ಹಾಗೆಯೇ ಒಂದೊಂದಾಗಿ ಪೂರಾ ಬಿಗಿಯುತ್ತಾ ಹೋದಳು. ಮುಗಿಸಿ ತಿರುಗಿಸಿದರೆ ಚಕ್ರ ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು! ನಾನು ನಕ್ಕೆ. ಅವಳು ನನ್ನನ್ನೂ, ಚಕ್ರವನ್ನೂ, ಅಂಗಡಿಯವನ ವಂಶವನ್ನೂ ತುಳುವಿನಲ್ಲಿ ಚೆನ್ನಾಗಿ ಬೈದು, ಎಲ್ಲವನ್ನೂ ಸಡಿಲಿಸಿ ಮೊದಲಿನಿಂದ ಶುರು ಮಾಡಿದಳು. ಈ ಸಲ ಒಂದೊಂದಕ್ಕೂ ಒಂದಿಷ್ಟೇ ತಿರುಪು, ಇಡೀ ಸುತ್ತು ಬಂದು ಮತ್ತೆ ಒಂದಿಷ್ಟು... ಸಂಜೆಯಾಗುವಾಗ ಚಕ್ರ ತಿರುಗಿತು. ನೆಟ್ಟಗೆ ತಿರುಗಿತು ಎಂದರೆ ಸುಳ್ಳಾದೀತು. ಒಂದು ಕಡೆ ಬ್ರೇಕಿಗೆ ತಾಗಿ ಸದ್ದು ಮಾಡುತ್ತಿತ್ತು. ಮಜೂರು ದಾಟುವ ಮೊದಲೇ ಮುರಿಯುತ್ತದೆ ಎಂದು ಅಂಗಡಿಯವನು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದ. ಮರುದಿನ ಮಧ್ಯಾಹ್ನ ಅವಳು ಖಾಲಿ ಬುಟ್ಟಿಯೊಂದಿಗೆ ಅವನ ಅಂಗಡಿಯೆದುರು ಬೆಲ್ಲು ಬಾರಿಸುತ್ತಾ ಹಾದುಹೋದಳು.

ಆಮೇಲೆ ಬುಟ್ಟಿಯಡಿಗೆ ಹಳೆಯ ಟ್ಯೂಬಿನ ತುಂಡು ಕಟ್ಟಿ, ನೀರು ಚಕ್ರಕ್ಕೆ ಬೀಳದಂತೆ ಮಾಡಿಕೊಂಡಳು. ಹೆಣ್ಣುಮಕ್ಕಳ ಓದು, ಮದುವೆ ಎಲ್ಲ ಆ ಸೈಕಲ್ಲಿನ ಮೇಲೆಯೇ ಆಯಿತು. ಬಸ್ಸಿನ ಮುಖ ನೋಡಲಿಲ್ಲ. ಜನ ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದರು. ನನಗೆ ಆ ಹೊಗಳಿಕೆ ಕೇಳಿದರೂ ಸಿಟ್ಟೇ. ಟಿಕೆಟಿಗೆ ದುಡ್ಡು ಕೊಡುವ ಹೆಂಗಸು, ಬಸ್ಸಿದ್ದ ಊರಿನಲ್ಲಿ, ಬಿಸಿಲಲ್ಲಿ ಏರು ತುಳಿದು ಗಟ್ಟಿಗಿತ್ತಿ ಎನಿಸಿಕೊಳ್ಳಬೇಕಾದ ಅಗತ್ಯವೇನಿತ್ತು?

ತುಳಿದು ತುಳಿದು ಅವಳ ಮೊಣಕಾಲು ಹೋಯಿತು, ಆಮೇಲೆ ಎದೆಯೂ ಕೈಕೊಟ್ಟಿತು. ದೊಡ್ಡಾಸ್ಪತ್ರೆಯಲ್ಲಿ ತೋರಿಸಲು ನಾನೇ ಕರೆದುಕೊಂಡು ಹೋದೆ. ರಿಕ್ಷಾ ಬೇಡವೆಂದು ಹಟ ಹಿಡಿದಳು. ಎಷ್ಟೋ ವರ್ಷಗಳ ಮೇಲೆ ಬಸ್ಸು ಹತ್ತಿದ್ದು. ಒಗೆದ ಸೀರೆ, ಮುಡಿಯಲ್ಲಿ ಒಂದಿಷ್ಟು ಅಬ್ಬಲಿಗೆ. ಕಂಡಕ್ಟರು ಎಳೆಯ ವಯಸ್ಸಿನವನು, ಅವಳ ಕೈ ಹಿಡಿದು ಮೇಲೆ ಹತ್ತಿಸಿ, ಎದುರಿನ ಸೀಟಿನವರನ್ನು ಎಬ್ಬಿಸಿ, ಕೂತ್ಕೊಳ್ಳಿ ಅಮ್ಮ ಎಂದ. ಅಕ್ಕ ಕುಳಿತಳು. ಉದ್ಯಾವರ ದಾಟಿದ ಮೇಲೆ ನನ್ನ ಕಡೆ ಬಾಗಿ ಹೇಳಿದಳು.

"ಬುಟ್ಟಿ ಇಲ್ಲದಿದ್ರೆ ನಾನೂ ಅಮ್ಮನೇ, ಅಲ್ವಾ ಮಗಾ?"

ವಾಪಸು ಬರುವಾಗ ಅವಳಿಗೆ ಬಸ್ಸು ಬೇಕಾಗಲಿಲ್ಲ. ಆಂಬುಲೆನ್ಸಿನಲ್ಲಿ ತಂದೆವು...

ಅವಳು ಹೋದ ಮೇಲೆ ನೆರೆಮನೆಯ ಜಗಲಿ ಖಾಲಿಯಾಗಿದೆ, ಬೆಳಿಗ್ಗೆ ನನ್ನನ್ನು ಬೈದು ಎಬ್ಬಿಸುವವರಿಲ್ಲ. ನನಗೂ ಈಗ ತಲೆ ನರೆತಿದೆ. ಬಸ್ಸಿನಲ್ಲಿ ಯಾರಾದರೂ ಅಮ್ಮ ಎಂದು ಕರೆದು ಜಾಗ ಬಿಟ್ಟುಕೊಡುತ್ತಾರೆ. ಒಳ್ಳೆಯ ಮಕ್ಕಳೇ, ಅವರ ತಪ್ಪೇನಿಲ್ಲ. ಆದರೂ ಕುಳಿತ ಕೂಡಲೇ ನನಗೆ ಸಿಟ್ಟು ಬರುತ್ತದೆ. ಆ ಸೀಟು ಅವಳಿಗೆ ಆವತ್ತೇ ಸಿಗಬೇಕಿತ್ತು, ಬುಟ್ಟಿ ಸಮೇತ.