ನೆಲ ನಡುಗಿದಾಗ ಮಾನಿಟರ್ ಅವುಚಿದವರು

ಮದುವೆಯಾಗಿ ಕೆ.ಜಿ.ಎಫ್‌ನ ಮೈಸೂರು ಮೈನ್ಸಿನ ಲೈನ್ ಮನೆಗೆ ಬಂದ ಮೊದಲ ವಾರವೇ ಕಾಲಡಿಯ ನೆಲ ದಢಾರೆಂದಿತು. ಅನ್ನ ಬಸಿಯುತ್ತಿದ್ದವಳು ಕಿರುಚಿಕೊಂಡು ಬೀದಿಗೆ ಓಡಿದೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗೆ ಬಂದು ನೋಡಿದರೆ ಅತ್ತೆ ಎರಡೂ ಕೈ ಚಾಚಿ ಪಾತ್ರೆಯ ಹಲಗೆಯನ್ನು ಅವುಚಿ ನಿಂತಿದ್ದರು.

“ಅಂಗ್ಯಾಕೆ ಓಡ್ತೀಯಾ? ಮೊದ್ಲು ಪಾತ್ರೆ ಇಡ್ಕಳೇ. ಸೈರನ್ ಕೂಗಿದ್ರೆ ಆಮೇಲೆ ಶಾಫ್ಟ್ ತಾವ ಓಗೋದು.”

ಆಳದಲ್ಲಿ ಬಂಡೆ ಸಿಡಿಯುವುದಕ್ಕೆ ಇಲ್ಲಿ ರಾಕ್‌ಬರ್ಸ್ಟ್ ಎನ್ನುತ್ತಾರೆ. ಶಾಫ್ಟ್ ಎಂದರೆ ಗಂಡಸರು ಇಳಿಯುವ ಗಣಿಯ ಬಾಯಿ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಲೈನಿನ ಹೆಂಗಸರೆಲ್ಲ, ತಮ್ಮವರು ಕೆಳಗಿರಲಿ ಬಿಡಲಿ, ಅಲ್ಲಿಗೆ ಹೋಗಿ ನಿಲ್ಲಬೇಕು. ಕೊನೆಯವನು ಮೇಲೆ ಬರುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ.

ನನ್ನ ತವರು ಕಾಮಸಮುದ್ರದಿಂದ ಬಸ್ಸಿನಲ್ಲಿ ಬರುವಷ್ಟು ದೂರವನ್ನು ವಲಸೆ ಎಂದರೆ ನೀವು ನಗಬಹುದು. ನಗಿ. ಅಲ್ಲಿ ಹಿತ್ತಿಲಿತ್ತು, ಎಮ್ಮೆಯಿತ್ತು, ತೆಲುಗು ಬೆರೆತ ನಮ್ಮ ಮಾತಿತ್ತು. ಇಲ್ಲಿ ಒಬ್ಬರು ಕೆಮ್ಮಿದರೆ ಸಾಲುಮನೆಗಳಿಗೆಲ್ಲ ಕೇಳುತ್ತದೆ. ಗಾಳಿ ಎದ್ದರೆ ಸೈನೈಡ್ ಗುಡ್ಡದ ಧೂಳು, ಅಂದರೆ ಚಿನ್ನ ತೆಗೆದು ಸುರಿದ ಬೂದಿ ಬಣ್ಣದ ಮಣ್ಣು, ತಟ್ಟೆಯಲ್ಲಿನ ಮುದ್ದೆಯ ಮೇಲೆ ಬಂದು ಕೂರುತ್ತದೆ. ನಲ್ಲಿಯ ಮುಂದೆ ಜಗಳವೂ ತಮಿಳಿನಲ್ಲೇ. ಜಗಳವಾಡಲೂ ಭಾಷೆ ಬಾರದೆ ಎಷ್ಟೋ ದಿನ ಖಾಲಿ ಬಿಂದಿಗೆ ಹೊತ್ತು ಅಳುತ್ತಾ ಬಂದಿದ್ದೇನೆ. ಪಕ್ಕದ ಮನೆಯ ಸೆಲ್ವಿ ಒಂದು ದಿನ ನನ್ನ ಬಿಂದಿಗೆಯನ್ನು ತನ್ನ ಬಿಂದಿಗೆಯ ಮುಂದೆ ಇಟ್ಟಳು. ಅವಳೂ ವಾಣಿಯಂಬಾಡಿ ಕಡೆಯಿಂದ ಬಂದ ಸೊಸೆ. ಅಂದಿನಿಂದ ಅವಳೇ ನನ್ನ ಬಂಧು ಬಳಗ.

ಅದು ತೊಂಬತ್ತರ ದಶಕ. ಗಣಿ ಮುಚ್ಚುತ್ತದಂತೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಮುಚ್ಚಿದರೆ ಸಂಬಳದ ಜೊತೆ ಕಂಪನಿಯ ಮನೆಯೂ ಹೋಗುತ್ತದೆ. ಆಗಲೇ ರಾಬರ್ಟ್‌ಸನ್‌ಪೇಟೆಯ ಹಳೆಯ ಹಾಲೊಂದರಲ್ಲಿ, ಹೊಸದಾಗಿ ಊರಿಗೆ ಬಂದ ವಯಸ್ಕರಿಗೆ ಕಂಪ್ಯೂಟರಿನ ಮೂಲಕ ಇಂಗ್ಲಿಷ್ ಕಲಿಸಲು ಶುರುಮಾಡಿದರು. ನಾವಿಬ್ಬರೂ ಸೇರಿದೆವು.

ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು, ದೇವರ ಮನೆಗೆ ಹೋದಂತೆ ಒಳಗೆ ಹೋಗಬೇಕಿತ್ತು. ಪರದೆಯ ಮೇಲಿಂದ ಅಕ್ಷರಗಳು ಉದುರುತ್ತಿದ್ದವು. ತಳ ಮುಟ್ಟುವುದರೊಳಗೆ ಅದೇ ಅಕ್ಷರದ ಕೀಲಿ ಒತ್ತಬೇಕು. ಮುದ್ದೆ ಕಟ್ಟುವ ನನ್ನ ಬೆರಳಿಗೆ ಅದು ಬೇಗ ಒಗ್ಗಿತು. ಆಮೇಲೆ ಇನ್ನೊಂದು ಆಟ, ನಮ್ಮಲ್ಲಿ ಒಬ್ಬಳು ರೋಗಿ, ಇನ್ನೊಬ್ಬಳು ಆಸ್ಪತ್ರೆಯ ಕೌಂಟರಿನವಳು. ರೋಗಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಸೆಲ್ವಿ ದಿನಕ್ಕೊಂದು ಕಾಯಿಲೆ ತರುತ್ತಿದ್ದಳು. ಹಾವು ಕಚ್ಚಿದೆ ಎಂದು ಒಮ್ಮೆ ನೆಲದ ಮೇಲೆ ಹೊರಳಾಡಿಯೇಬಿಟ್ಟಳು.

ಬಂಗಾರಪೇಟೆಯ ನರ್ಸಿಂಗ್ ಹೋಮಿನವರು ನಮ್ಮಲ್ಲಿ ಒಬ್ಬಳಿಗೆ ಕೌಂಟರಿನ ಕೆಲಸ ಕೊಡಲು ಒಪ್ಪಿದರು. ಅದಕ್ಕೊಂದು ಪರೀಕ್ಷೆ. ಕೆಲಸದ ಜೊತೆ ಇರಲೊಂದು ಕೋಣೆ. ಆ ಕೋಣೆ ನನಗೆ ಬೇಕೇ ಬೇಕಿತ್ತು.

ಪರೀಕ್ಷೆಯ ದಿನ ನನ್ನ ಗಂಡನಿಗೆ ರಜೆ. ಸೆಲ್ವಿಯ ಗಂಡ ಪಳನಿ ಗಣಿಯೊಳಗಿದ್ದ. ಅರ್ಧ ಮುಗಿಸಿದ್ದೆವು, ನೆಲ ನಡುಗಿತು. ಬೆಂಗಳೂರಿನಿಂದ ಬರುತ್ತಿದ್ದ ಟೀಚರ್ ಮೇಜಿನ ಕೆಳಗೆ ತೂರಿದರು. ಲೈನಿನ ಹೆಂಗಸರೆಲ್ಲ ಎದ್ದು ಎದುರಿನ ಮಾನಿಟರನ್ನು ಎರಡೂ ಕೈಯಿಂದ ಅವುಚಿ ಹಿಡಿದರು. ನೋಡಿದರೆ ನನ್ನ ಕೈಯೂ ಅಲ್ಲೇ ಇತ್ತು! ನಾನೂ ಈ ಊರಿನವಳಾದೆ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಸೈರನ್ ಕೂಗಿತು.

ಸೆಲ್ವಿ ಬರಿಗಾಲಿನಲ್ಲೇ ಓಡಿದಳು. ಪೇಟೆಯಿಂದ ಬರುತ್ತಿದ್ದ ಒಬ್ಬಳನ್ನು ಬಿಟ್ಟು ಉಳಿದವರೂ ಹೊರಟರು. ಟೀಚರ್ ನನ್ನ ತೋಳು ಹಿಡಿದರು. “ನಿಮ್ಮ ಯಜಮಾನ್ರು ಮನೇಲೇ ಇದಾರಲ್ಲ? ಕೂತು ಮುಗಿಸಿ. ನರ್ಸಿಂಗ್ ಹೋಮಿನವರು ಇವತ್ತೇ ಹೆಸರು ಕೇಳ್ತಾರೆ.”

ನನ್ನ ಒಳ್ಳೆಯದಕ್ಕೇ ಹೇಳಿದರು. ಕೂತೆ. ಪರದೆಯಲ್ಲಿ ರೋಗಿಯ ಹೆಸರು ತುಂಬುವ ಜಾಗ ಖಾಲಿಯಿತ್ತು. ಕೈ ಆಡಲಿಲ್ಲ. ಹಾಳಾಗಿ ಹೋಗಲಿ ಈ ಕೆಲಸ ಎಂದುಕೊಂಡು ಎದ್ದೆ. ಬಾಗಿಲಲ್ಲಿ ಬಿದ್ದಿದ್ದ ಸೆಲ್ವಿಯ ಚಪ್ಪಲಿ ಎತ್ತಿಕೊಂಡು ಶಾಫ್ಟಿನತ್ತ ಓಡಿದೆ.

ಹೊತ್ತು ಮುಳುಗುವಾಗ ಪಳನಿಯನ್ನು ಮುಖದವರೆಗೂ ಕಂಬಳಿ ಮುಚ್ಚಿ ಮೇಲೆ ತಂದರು. ಸೆಲ್ವಿ ಅಳಲಿಲ್ಲ. ನನ್ನ ಕೈಯಲ್ಲಿದ್ದ ಚಪ್ಪಲಿಯನ್ನೇ ನೋಡಿದಳು.

“ಅಯ್ಯೋ ಅಕ್ಕಾ, ನೀ ಯಾಕೆ ಬಂದೆ? ನಿಂಗೆ ಪರೀಕ್ಸೆ ಇತ್ತಲ್ಲಾ.”

ಕೆಲಸ ಪೇಟೆಯವಳಿಗೆ ಸಿಕ್ಕಿತು. ತಪ್ಪು ಅವಳದಲ್ಲ. ಒಂದು ದಿನ ಕಾಯದ ನರ್ಸಿಂಗ್ ಹೋಮಿನ ಮೇಲೆ ಮಾತ್ರ ನನ್ನ ಸಿಟ್ಟು ಇನ್ನೂ ಆರಿಲ್ಲ. ಸೆಲ್ವಿ ಲೈನ್ ಮನೆ ಬಿಟ್ಟು ತವರಿಗೆ ಹೋದಳು. ಗಣಿಯಲ್ಲಿ ಕೆಲಸ ಕಮ್ಮಿಯಾಗುತ್ತಾ ಬಂದು ನಾವೂ ಬಂಗಾರಪೇಟೆಯ ಒಂದು ಬಾಡಿಗೆ ಕೋಣೆಗೆ ಬಂದೆವು. ಇಲ್ಲಿಯವರಿಗೆ ನಾನು ಕೆ.ಜಿ.ಎಫ್‌ನವಳು. ಅಲ್ಲಿಯವರಿಗೆ ಕಡೆಯವರೆಗೂ ಕಾಮಸಮುದ್ರದವಳಾಗಿದ್ದೆ. ಕಲಿತ ಇಂಗ್ಲಿಷಿನಲ್ಲಿ ಔಷಧಿ ಚೀಟಿ ಓದುತ್ತೇನೆ.

ಮೊನ್ನೆ ಕಾಮಸಮುದ್ರಕ್ಕೆ ಹೋಗಿದ್ದೆ. ಅಮ್ಮನ ಜೊತೆ ಅಡಿಗೆ ಮನೆಯಲ್ಲಿದ್ದಾಗ ದೂರದ ಕ್ವಾರಿಯಲ್ಲಿ ಬಂಡೆ ಸಿಡಿಸಿದರು. ನೆಲ ಸ್ವಲ್ಪ ಅದುರಿತು. ನಾನು ಹಾರಿ ಪಾತ್ರೆಯ ಹಲಗೆ ಅವುಚಿಕೊಂಡೆ.

“ಏನಾಯ್ತೇ ನಿಂಗೆ? ಕ್ವಾರಿ ಸದ್ದು ಕಣೇ. ಬಿಡು, ಏನೂ ಬೀಳಾಕಿಲ್ಲ,” ಎಂದು ಅಮ್ಮ ನಕ್ಕಳು.

ಗೊತ್ತಿತ್ತು. ಆದರೂ ಕೈ ಬಿಡದೆ ಸೈರನ್ನಿಗಾಗಿ ಕಿವಿಗೊಟ್ಟು ನಿಂತೆ. ಕೂಗಿದರೆ ಓಡಿ ಹೋಗಿ ನಿಲ್ಲಲು ಈ ಊರಿನಲ್ಲಿ ಗಣಿಯ ಬಾಯಿ ಎಲ್ಲಿದೆ?