ಬಾವಿಗೆ ಸಿಕ್ಕ ಹದಿನಾಲ್ಕು ದಿನ

ಕಳೆದ ತಿಂಗಳು ನಾನೊಂದು ಬಾವಿಯನ್ನು ಮುಗಿಸಲು ಹೊರಟಿದ್ದೆ.

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಹಳೇ ಫ್ಲಾಟಿನ ಹಿಂಬದಿಯ ಬಾವಿ. ಅಸೋಸಿಯೇಷನ್ ಸೆಕ್ರೆಟರಿ ನಾನೇ. (ಬೇರೆ ಯಾರೂ ಒಪ್ಪಲಿಲ್ಲ.) ಚಿಂತೆ ಮಾಡುವುದು ನನ್ನ ಫುಲ್‌ಟೈಮ್ ಕೆಲಸ. ಮಗು ಬಿದ್ದರೆ? ಬೆಕ್ಕು ಬಿದ್ದರೆ? ರಿವರ್ಸ್ ತೆಗೆಯುವಾಗ ಯಾರದೋ ಸ್ಕೂಟರೇ ಬಿದ್ದರೆ? ಜನರಲ್ ಬಾಡಿ ಮೀಟಿಂಗಿನಲ್ಲಿ ನನ್ನ ಗಾಬರಿಯನ್ನು ಎಲ್ಲರಿಗೂ ಸಮನಾಗಿ ಹಂಚಿದೆ. ಬಾವಿ ಮುಚ್ಚಿ ಪಾರ್ಕಿಂಗ್ ಮಾಡುವ ನಿರ್ಣಯ ಹತ್ತೇ ನಿಮಿಷದಲ್ಲಿ ಪಾಸ್! ಶನಿವಾರಕ್ಕೆ ಮಣ್ಣಿನ ಲಾರಿಗೂ ಹೇಳಿದ್ದಾಯಿತು.

ಅಡ್ಡ ಬಂದದ್ದು ನಮ್ಮ ‘ರಾಜ್ಯಸಭೆ’.

ಎರಡನೇ ಮಹಡಿಯ ರಾಯರು ಹುಬ್ಬಳ್ಳಿಯವರು, ರೈಲ್ವೆಯಲ್ಲಿದ್ದವರು. ಫ್ಲಾಟಿನ ನಿಯಮಾವಳಿ ಬರೆದದ್ದು ಅವರೇ. ಅದರಲ್ಲಿ ರಾಯರೂ ಸೇರಿ ಮೂವರು ಹಿರಿಯರ ಒಂದು ಸಮಿತಿ, ಅದೇ ಈ ‘ರಾಜ್ಯಸಭೆ’. ಎರಡು ವರ್ಷಕ್ಕೊಮ್ಮೆ ಒಬ್ಬರ ನಿವೃತ್ತಿ. (ಮತ್ತೆ ಅವರೇ ಬರುತ್ತಾರೆ, ಆ ಮಾತು ಬೇರೆ.) ಯಾವ ನಿರ್ಣಯವನ್ನೂ ಅವರು ತಳ್ಳಿಹಾಕುವಂತಿಲ್ಲ. ಹದಿನಾಲ್ಕು ದಿನ ತಡೆದು, ಒಂದು ಪ್ರಶ್ನೆ ಕೇಳಿ, ಮರುವೋಟಿಗೆ ಕಳಿಸಬಹುದು, ಅಷ್ಟೇ.

ಚೀಟಿ ಬಂತು: ‘ಟೆರೇಸಿನ ಮಳೆ ನೀರು ಎಲ್ಲಿಗೆ?’

ಇನ್ನೆಲ್ಲಿಗೆ? ಚರಂಡಿಗೆ! ಸಿಟ್ಟಿನಿಂದ ಮೆಟ್ಟಿಲು ಹತ್ತಿದೆ. “ರಾಯರೇ, ಎಲ್ಲರೂ ಒಪ್ಪಿದ್ದಾರೆ. ಸುಮ್ಮನೆ ತಡ ಯಾಕೆ?”

“ತಡಾ ಮಾಡೂದ ನಮ್ಮ ಕೆಲಸಾರೀ ಸೆಕ್ರೆಟರಿ ಸಾಹೇಬ್ರ. ಕುಂದರ್ರಿ. ಸಂವಿಧಾನ ಬರಿಯೂಮುಂದನೂ ನಿಮ್ಮಂಥಾವ್ರು ಇದ್ರು. ಎರಡನೇ ಮನಿ ಯಾಕ ಬೇಕು, ಬರೇ ಅಡ್ಡಗಾಲು ಅಂದಿದ್ರು.”

ಕುಳಿತೆ. ಪೂರಾ ಚರಿತ್ರೆ ಬಂತು. ಬ್ರಿಟಿಷರ ಕಾಲದಲ್ಲೂ ಒಂದು ಮೇಲ್ಮನೆ ಇತ್ತಂತೆ, ಆದರೆ ವೋಟು ಆಸ್ತಿ ಉಳ್ಳವರಿಗೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೆ, ಕೆಳಮನೆಯ ಬಿಸಿ ಆರಲಿ, ರಾಜ್ಯಗಳ ಮಾತೂ ದೆಹಲಿಯಲ್ಲಿ ಕೇಳಲಿ ಎಂದು ೧೯೫೨ರಲ್ಲಿ ಹೊಸ ಮನೆ ಶುರುವಾಯಿತು. ರಾಜ್ಯಸಭೆ ಎಂಬ ಹೆಸರು ಬಂದದ್ದು ಎರಡು ವರ್ಷದ ನಂತರ. ಲೋಕಸಭೆ ವಿಸರ್ಜನೆಯಾಗುತ್ತದೆ, ಇದು ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ಎದ್ದು ಹೋಗುತ್ತದೆ. ಹಣಕಾಸು ಮಸೂದೆಯನ್ನು ತಡೆಯಬಹುದಾದದ್ದು ಹದಿನಾಲ್ಕೇ ದಿನ.

“ಆ ಹದಿನಾಲ್ಕು ಅಲ್ಲಿಂದನ ಕದ್ದೇನಿ,” ಎಂದರು ರಾಯರು, ನಾಚಿಕೆಯಿಲ್ಲದೆ.

“ಚುನಾವಣೇಲಿ ಸೋತವರಿಗೆ ಅದು ಹಿಂಬಾಗಿಲು ಅಂತಾರಲ್ಲ?”

“ಹೌದು, ಅದಕ್ಕೂ ಆಗೇದ. ಬಾಗಲಾ ಕೆಟ್ಟದ ಅಂತ ಮನೀನ ಕೆಡವತೀರೇನು?”

ಗೊಣಗುತ್ತಾ ಇಳಿದೆ. ಲಾರಿಯವನಿಗೆ ಫೋನ್ ಮಾಡಿ ತಡೆದೆ.

ಒಂಬತ್ತನೇ ದಿನ ಸಂಜೆ ಮಳೆ ಬಂತು. ಚೆನ್ನೈ ಮಳೆ ಗೊತ್ತಲ್ಲ, ಹೇಳಿ ಕೇಳಿ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಬೀದಿಯ ಚರಂಡಿ ತುಂಬಿ ವಾಪಸ್ ಹರಿಯತೊಡಗಿತು. ಟೆರೇಸಿನ ನೀರೆಲ್ಲ ದಪ್ಪ ಪೈಪಿನಲ್ಲಿ ಇಳಿದು ಧೋ ಎಂದು ಬೀಳುತ್ತಿದ್ದದ್ದು ಬಾವಿಗೆ. ನಾನು, ಹೆಂಡತಿ, ಮಗಳು ಮೂವರೂ ಅಡುಗೆಮನೆ ಕಿಟಕಿಯಲ್ಲಿ.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. “ಅಪ್ಪಾ, ಕೆಣತ್ತ ಮೂಡಿಟ್ಟಾ ಇಂದ ತಣ್ಣಿ ನಮ್ಮ ವೀಟ್ಟುಕ್ಕುದಾನ್ ವರುಂ!” ಎಂದಳು. ಬಾವಿ ಮುಚ್ಚಿದರೆ ಈ ನೀರು ನಮ್ಮ ಮನೆಗೇ.

ಹೌದು. ಅಂಗಳದ ಇಳಿಜಾರು ನೇರ ನಮ್ಮ ಬಾಗಿಲಿಗೆ. ನಾವಿರುವುದು ಗ್ರೌಂಡ್ ಫ್ಲೋರಿನಲ್ಲಿ!

“ಊರ ಬೆಕ್ಕಿನ ಚಿಂತೆಯೆಲ್ಲ ಮಾಡಿದ್ರಿ. ನಮ್ಮನೆ ಒಂದು ಬಿಟ್ಟೋಯ್ತಾ?” ಎಂದಳು ಹೆಂಡತಿ. ನಾನು ಬಾಗಿಲಿಗೆ ಓಡಿದೆ. ಹೊಸ್ತಿಲು ಒಣಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿದೆ. ಒಣಗಿತ್ತು. ಅಬ್ಬಾ!

ಹದಿನಾಲ್ಕನೇ ದಿನ ಮರುವೋಟು. ಸೆಕ್ರೆಟರಿಯ ನಿರ್ಣಯದ ವಿರುದ್ಧ ಮೊದಲು ಎದ್ದ ಕೈ ಸೆಕ್ರೆಟರಿಯದೇ. ನಿರ್ಣಯ ಬಿತ್ತು, ಬಾವಿಗೆ ಗಟ್ಟಿ ಕಬ್ಬಿಣದ ಜಾಲರಿ ಬಂತು. ಸೋಲು ಇಷ್ಟು ಹಗುರಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹತ್ತು ನಿಮಿಷದಲ್ಲಿ ಕೈ ಎತ್ತುವವರೂ ನಾವೇ. ‘ಸ್ವಲ್ಪ ತಡೀರಿ’ ಎಂದವರನ್ನು ದಂಡ ಎನ್ನುವವರೂ ನಾವೇ ತಾನೆ?