ರುಮಾಲು ಮುಚ್ಚಿದ ಮುಖ

ಹುಮನಾಬಾದಿನಲ್ಲಿ ಮಾಸ್ತರನಾಗಿದ್ದಾಗ ಪ್ರತಿ ಚಳಿಗಾಲ ಮಕ್ಕಳನ್ನು ಸಾಲು ಹಚ್ಚಿ ಮಟನ್ ಅಂಗಡಿಯ ಚಾಚಾ ಅವರ ಹಿತ್ತಿಲಿಗೆ ಕರೆದೊಯ್ಯುತ್ತಿದ್ದೆ. ಗಾಯಗೊಂಡ ಹದ್ದು, ಗಿಡುಗ, ಗೂಬೆಗಳನ್ನು ಅವರು ಅಲ್ಲಿ ಬಿದಿರಿನ ಪಂಜರದಲ್ಲಿಟ್ಟು, ವಾಸಿ ಮಾಡಿ ಬಿಡುತ್ತಿದ್ದರು. ಮಾಂಸದ ಚೂರು ಹಾಕುವಾಗ ಮಾತ್ರ ರುಮಾಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು.

“ಕಳ್ಳರಂಗ ಯಾಕ್ರಿ ಚಾಚಾ?” ಎಂದು ಹುಡುಗಿಯೊಬ್ಬಳು ಕೇಳಿದಳು.

“ನನ್ನ ಗುರುತು ಸಿಗಬಾರದವ್ವಾ. ಇವತ್ತ ನನ್ನ ನಂಬಿದ್ರ, ನಾಳಿ ಕವಣಿ ಹಿಡದವನ್ನೂ ನಂಬ್ತಾವ.”

ಒಂದು ಹದ್ದಿನ ಮರಿಗಾಗಿ ಅವರು ಈ ನೇಮ ಮುರಿದರು. ಗೂಡಿನಿಂದ ಬಿದ್ದ ಅದು ತಾನಾಗಿ ತಿನ್ನುತ್ತಿರಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಬರಿಮುಖದಲ್ಲೇ ತಿನ್ನಿಸಿದರು. ಅದು ಬೆಳೆದ ಮೇಲೆ ಮಾಣಿಕನಗರದ ದಾರಿಯ ಬಯಲಲ್ಲಿ ಬಿಟ್ಟ ದಿನ ನಾವೂ ಇದ್ದೆವು. ಹದ್ದು ಒಂದು ಸುತ್ತು ಹಾರಿ ಬಂದು ಅವರ ಹೆಗಲ ಮೇಲೆಯೇ ಕೂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಾಚಾ ಅದನ್ನು ಕೊಡವಿ, ಮಣ್ಣಿನ ಹೆಂಟೆ ಎತ್ತಿ ಬೀಸಿದರು.

“ಹೋಗ್, ಕಂಬಖ್ತ್! ಸಾಯಾಕ ಬಂದೀಯೇನ?”

ಹೆಂಟೆ ರೆಕ್ಕೆಗೆ ತಗಲಿದ ಮೇಲೆಯೇ ಅದು ಹೋದದ್ದು.

ಆಮೇಲೆ ಅಂಗಡಿಯ ಮೇಲೆ ಯಾವ ಹದ್ದು ಸುತ್ತಿದರೂ ಗಿರಾಕಿಗಳು, “ಚಾಚಾ, ನಿಮ್ಮ ಮಗಾ ಬಂದಾನ ನೋಡ್ರಿ” ಎಂದು ಕಾಡಿಸುತ್ತಿದ್ದರು. ಅವರು ರುಮಾಲನ್ನು ಮೂಗಿನ ಮೇಲೆ ಎಳೆದುಕೊಂಡು, ತಲೆ ಎತ್ತದೆ ಕೇಳುತ್ತಿದ್ದರು:

“ಎತ್ತರದಾಗ ಹಾರಾಕತ್ತದ, ಹೌದಿಲ್ರಿ?”